ತಿರುಗಿ ಬಂದವನ ಚಿತ್ರ

ಮೊದಲು ಚಿತ್ರವನ್ನು ನೋಡಿ. ಚಳಿಗಾಲ, ಮರಗಳೆಲ್ಲ ಬೋಳು. ಹೆಪ್ಪುಗಟ್ಟಿದ ನೀರಿನ ಪದರ ಒಡೆದು ಒಬ್ಬ ಮುಳುಗುತ್ತಿದ್ದಾನೆ. ಇನ್ನೊಬ್ಬ ಅವನತ್ತ ಬಾಗಿ ಎರಡೂ ಕೈ ಚಾಚಿದ್ದಾನೆ. ಇದು ಹುತಾತ್ಮನೊಬ್ಬನ ಚಿತ್ರವೆಂದರೆ ತಟ್ಟನೆ ನಂಬಲಾಗದು. ಬೆಂಕಿಯಿಲ್ಲ, ಕತ್ತಿಯಿಲ್ಲ.

ಕೈ ಚಾಚಿದವನು ನೆದರ್‌ಲ್ಯಾಂಡ್ಸಿನ ಆಸ್ಪೆರೆನ್ ಊರಿನ ಡಿರ್ಕ್ ವಿಲ್ಲೆಮ್ಸ್. ದೊಡ್ಡವನಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದದ್ದು, ತನ್ನ ಮನೆಯಲ್ಲಿ ಇತರರಿಗೂ ಅದಕ್ಕೆ ಅವಕಾಶ ಕೊಟ್ಟದ್ದು ಅವನ ಅಪರಾಧ. ಶಿಶುವಿಗೆ ಕೊಡುವ ದೀಕ್ಷೆ ದೀಕ್ಷೆಯೇ ಅಲ್ಲ ಎನ್ನುತ್ತಿದ್ದ ಈ ಪಂಥ 1525ರಲ್ಲಿ ಜೂರಿಚ್‌ನಲ್ಲಿ ಹುಟ್ಟಿತು. ಇವರಲ್ಲಿ ಬಹುಪಾಲು ಜನ ಆಯುಧ ಹಿಡಿಯುತ್ತಿರಲಿಲ್ಲ, ಆಣೆಯನ್ನೂ ಇಡುತ್ತಿರಲಿಲ್ಲ. ಕ್ಯಾಥೋಲಿಕರೂ ಪ್ರಾಟೆಸ್ಟೆಂಟರೂ ಇವರನ್ನು ಕೊಂದರು.

ಸೆರೆಯಿಂದ ಪಾರಾದ ಡಿರ್ಕ್ ಹಿಮದ ಮೇಲೆ ಓಡಿ ಆಚೆ ದಡ ಸೇರಿದ. ಬೆನ್ನಟ್ಟಿ ಬಂದವನು ನೀರಿಗೆ ಬಿದ್ದ. ಡಿರ್ಕ್ ಹಿಂತಿರುಗಿ ಅವನನ್ನು ಎಳೆದು ಉಳಿಸಿದ. ಬದುಕಿಕೊಂಡವನಿಗೆ ಇವನನ್ನು ಬಿಟ್ಟುಬಿಡುವ ಮನಸ್ಸಿತ್ತಂತೆ; ಆದರೆ ಊರಿನ ಮುಖ್ಯಾಧಿಕಾರಿ ದಡದಿಂದ ಕೂಗಿ ಅವನ ಆಣೆಯನ್ನು ನೆನಪಿಸಿದ. ಆಣೆಯನ್ನೇ ಒಲ್ಲದವನು ಇನ್ನೊಬ್ಬನ ಆಣೆಯಿಂದ ಸಿಕ್ಕಿಬಿದ್ದ! 1569ರ ಮೇ 16ರಂದು ಅವನನ್ನು ಜೀವಂತ ಸುಟ್ಟರು.

ಚಿತ್ರ ಬರೆದ ಯಾನ್ ಲಾಯ್ಕನ್ ಹುಟ್ಟಿದ್ದು 1649ರಲ್ಲಿ. ಅಂದರೆ ಕಣ್ಣಾರೆ ಕಂಡದ್ದಲ್ಲ, ಓದಿ ಕಲ್ಪಿಸಿದ್ದು. ತೀಲೆಮನ್ ವಾನ್ ಬ್ರಾಹ್ಟ್ 1660ರಲ್ಲಿ ಹೊರತಂದ 'ಹುತಾತ್ಮರ ಕನ್ನಡಿ' ಗ್ರಂಥದ 1685ರ ಆವೃತ್ತಿಗೆ ಆತ 104 ಚಿತ್ರ ಮಾಡಿಕೊಟ್ಟ. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಬೇಕು. ಗೀರಿದ ಕಡೆ ಮಾತ್ರ ಆಮ್ಲ ತಾಮ್ರವನ್ನು ಕೊರೆಯುತ್ತದೆ. ಆ ಕೊರಕಲಿಗೆ ಮಸಿ ತುಂಬಿ ಒದ್ದೆ ಕಾಗದವಿಟ್ಟು ಒತ್ತಿದರೆ ಚಿತ್ರ, ಅದೂ ಎಡಬಲ ತಿರುವುಮುರುವಾಗಿ.

ಇಂಥ ಚಿತ್ರಗಳು ಒಂದೇ ಪಕ್ಷದ ಸೊತ್ತಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಫಾಕ್ಸ್ 1563ರಲ್ಲಿ ಪ್ರಾಟೆಸ್ಟೆಂಟರ ಸಾವುಗಳನ್ನು ಮರದಚ್ಚಿನ ಚಿತ್ರಗಳೊಡನೆ ಪ್ರಕಟಿಸಿದರೆ, 1587ರಲ್ಲಿ ಆಂಟ್ವರ್ಪ್‌ನಿಂದ ರಿಚರ್ಡ್ ವರ್ಸ್ಟೆಗನ್ ಕ್ಯಾಥೋಲಿಕರ ಸಾವುಗಳನ್ನು ತಾಮ್ರದಚ್ಚಿನಲ್ಲಿ ತೋರಿಸಿದ. ಅಲ್ಲೆಲ್ಲ ಎದುರಾಳಿಯ ಕ್ರೌರ್ಯವೇ ಮುಂದೆ. ಲಾಯ್ಕನ್ ಕೂಡ ಚಿತೆಗಳನ್ನು ಬರೆಯದೆ ಬಿಟ್ಟವನಲ್ಲ. ಡಿರ್ಕ್‌ನ ಪುಟದಲ್ಲಿ ಮಾತ್ರ ಅವನು ಚಿತೆಯನ್ನು ಬಿಟ್ಟು ನೀರನ್ನು ಆರಿಸಿಕೊಂಡ. ಆ ಆಯ್ಕೆಯೇ ಚಿತ್ರವನ್ನು ಉಳಿಸಿದೆ ಎನ್ನಬೇಕು.

ಗ್ರಂಥ ಜರ್ಮನ್ ಭಾಷೆಗೆ ತಿರುಗಿ 1748ರಲ್ಲಿ ಪೆನ್ಸಿಲ್ವೇನಿಯಾದ ಎಫ್ರಾಟಾದಲ್ಲಿ ಅಚ್ಚಾಗತೊಡಗಿತು. ಲಾಯ್ಕನ್‌ನ ಚಿತ್ರಗಳು ಅದರಲ್ಲಿರಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂದಾಗ, ರಟ್ಟು ಕಟ್ಟದೆ ಉಳಿದಿದ್ದ ಅದರ ಹಾಳೆಗಳನ್ನು ಸೈನಿಕರು ಬಂದೂಕಿನ ತೋಟಾ ಸುತ್ತಲು ಹೊತ್ತೊಯ್ದರು.