ಬಾಗಿಲಲ್ಲಿ ಹಿಡಿದ ಮೊರ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಸಂಘಟಕರು ನನಗೆ ‘ರೋಗನಿರೋಧಕ ಶಕ್ತಿ’ ಎಂಬ ವಿಷಯ ಕೊಟ್ಟು, ಇಪ್ಪತ್ತು ನಿಮಿಷದಲ್ಲಿ ಮುಗಿಸಬೇಕು ಎಂದಿದ್ದಾರೆ. ಕೊರೋನಾ ಬಂದ ಮೇಲೆ ಕಷಾಯ ಮಾರುವವರಿಂದ ಹಿಡಿದು ಎಲ್ಲರೂ ಈ ಮಾತನ್ನು ಬಳಸಿ ಸವೆಸಿಬಿಟ್ಟಿದ್ದಾರೆ. ಹಾಗಾಗಿ ನಾನು ಅದರೊಳಗಿನ ಒಂದೇ ಒಂದು ಸಂಗತಿ ಹೇಳುತ್ತೇನೆ. ಅದನ್ನು ಈ ಊರಿನಲ್ಲೇ ಹೇಳಬೇಕು ಅನ್ನುವುದಕ್ಕೆ ನನಗೆ ಸ್ವಂತದ ಕಾರಣವೂ ಇದೆ. ಅದು ಕೊನೆಗೆ ಬರುತ್ತದೆ.

1983ರಲ್ಲಿ ನಾನು ಒಂಬತ್ತನೇ ತರಗತಿ. ಈಗ ಗ್ರಂಥಾಲಯ ಇರುವ ಕೋಣೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ರಕ್ತದ ಪಾಠ ಮಾಡುತ್ತಿದ್ದರು. ಬಿಳಿ ರಕ್ತಕಣಗಳು ದೇಹದ ಸೈನಿಕರು ಎಂದರು. ನಾನು ಎದ್ದು, “ಸಾರ್, ಸೈನಿಕನಿಗೆ ಶತ್ರು ಯಾರು ಅಂತ ಹೇಗೆ ಗೊತ್ತಾಗುತ್ತೆ? ಅವನಿಗೆ ಕಣ್ಣಿಲ್ಲವಲ್ಲ?” ಎಂದು ಕೇಳಿದೆ. ಮುಂದಿನ ವಾರ ಹೇಳುತ್ತೇನೆ ಎಂದರು. ಮುಂದಿನ ವಾರ ಬಂದು, ಮರೆಯದೆ, “ತಾಲ್ಲೂಕಿನ ಲೈಬ್ರರಿಯಲ್ಲಿ ಹುಡುಕಿದೆನಮ್ಮ, ಸಿಗಲಿಲ್ಲ” ಎಂದರು. ಆಗ ನನಗೆ ನಿರಾಸೆಯಾಗಿತ್ತು. ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಆ ವರ್ಷ ಜಗತ್ತಿನ ಯಾವ ಲೈಬ್ರರಿಯಲ್ಲೂ ಇರಲಿಲ್ಲ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಬಿಳಿ ಕಣಗಳಲ್ಲಿ ಹಲವು ಜಾತಿ. ಅದರಲ್ಲಿ ‘ಟಿ ಕಣ’ ಎಂಬುದೊಂದಿದೆ. ರೋಗಾಣು ಹೊಕ್ಕಿರುವ ಜೀವಕೋಶವನ್ನು ಕೊಲ್ಲುವುದು, ಉಳಿದ ಕಣಗಳಿಗೆ ಅಪ್ಪಣೆ ಕೊಡುವುದು ಇದರ ಕೆಲಸ. ವಿಚಿತ್ರವೆಂದರೆ, ಇಷ್ಟು ದೊಡ್ಡ ಅಧಿಕಾರಿಗೆ ರೋಗಾಣು ನೇರವಾಗಿ ಕಾಣುವುದೇ ಇಲ್ಲ. ಇಡೀ ವೈರಸ್ಸನ್ನು ತಂದು ಎದುರಿಗಿಟ್ಟರೂ ಅದಕ್ಕೆ ಗುರುತು ಸಿಗದು. ವೈರಸ್ಸಾದರೋ ಜೀವಕೋಶದ ಒಳಗೆ ಸೇರಿ ಅಡಗಿ ಕೂತಿರುತ್ತದೆ. ಟಿ ಕಣ ಗೋಡೆ ಒಡೆದು ಒಳಗೆ ಇಣುಕುವ ಹಾಗಿಲ್ಲ. ಮತ್ತೆ ಹೇಗೆ?

ನಮ್ಮ ಊರಿನ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರ ಮನೆಯಲ್ಲಿ ಇವತ್ತು ಏನು ಅಡುಗೆ ಎಂದು ತಿಳಿಯಲು ಒಳಗೆ ಹೋಗಬೇಕೆ? ಹಿತ್ತಿಲ ತಿಪ್ಪೆ ನೋಡಿದರೆ ಸಾಕು. ಅವರೆಕಾಯಿ ಸಿಪ್ಪೆ ಇದೆಯೋ, ಮೀನಿನ ಮುಳ್ಳಿದೆಯೋ, ಅಷ್ಟರಲ್ಲೇ ಗೊತ್ತಾಗುತ್ತದೆ. (ಸಭೆಯಲ್ಲಿ ನಗು.) ನಮ್ಮ ದೇಹದ ಜೀವಕೋಶಗಳೂ ಹೀಗೆಯೇ. ಒಳಗೆ ತಯಾರಾದ ಪ್ರೋಟೀನುಗಳಲ್ಲಿ ಹಳತಾದದ್ದು, ಕೆಟ್ಟದ್ದು ಎಲ್ಲವನ್ನೂ ಪೀಪಾಯಿಯಂಥ ಒಂದು ಯಂತ್ರಕ್ಕೆ ಹಾಕಿ ಕತ್ತರಿಸುತ್ತವೆ. ಅದರ ಹೆಸರು ಪ್ರೋಟಿಯಸೋಮ್. ವೈರಸ್ ಒಳಗಿದ್ದರೆ ಅದು ಮಾಡಿಸಿಕೊಂಡ ಪ್ರೋಟೀನೂ ಅದೇ ಯಂತ್ರಕ್ಕೆ ಬೀಳುತ್ತದೆ. ಕತ್ತರಿಸಿದ ಚೂರುಗಳು ‘ಟ್ಯಾಪ್’ ಎಂಬ ಕಿಂಡಿಯ ಮೂಲಕ ಇನ್ನೊಂದು ಕೋಣೆಗೆ ಹೋಗುತ್ತವೆ. ಅಲ್ಲಿ ಖಾಲಿ ಮೊರಗಳು ಕಾದಿರುತ್ತವೆ. 8ರಿಂದ 10 ಅಮೈನೋ ಆಮ್ಲಗಳ ಉದ್ದದ ಚೂರು ಮೊರದಲ್ಲಿ ಸರಿಯಾಗಿ ಕೂತಿತೆಂದರೆ, ಆ ಮೊರ ಜೀವಕೋಶದ ಹೊರಮೈಗೆ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ‘ನೋಡಪ್ಪ, ನಮ್ಮ ಮನೆಯಲ್ಲಿ ಇವತ್ತು ಆದ ಅಡುಗೆ ಇದು’ ಅಂದ ಹಾಗೆ. ಕೆಂಪು ರಕ್ತಕಣ ಬಿಟ್ಟರೆ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಹಗಲು ರಾತ್ರಿ ಸಾವಿರಾರು ಮೊರಗಳನ್ನು ಹೀಗೆ ಹಿಡಿದಿರುತ್ತವೆ. ಟಿ ಕಣ ಬೀದಿ ಸುತ್ತುತ್ತ ಒಂದೊಂದನ್ನೂ ಮುಟ್ಟಿ ನೋಡುತ್ತದೆ. ನಮ್ಮದೇ ಸಿಪ್ಪೆಯಾದರೆ ಮುಂದಕ್ಕೆ ಹೋಗುತ್ತದೆ. ಕಾಣದ ಸಿಪ್ಪೆ ಕಂಡರೆ ಆ ಕೋಶದ ಕಥೆ ಮುಗಿಯಿತು.

ಮೊರ ಎಂದು ನಾನು ಸುಮ್ಮನೆ ಹೋಲಿಕೆಗೆ ಹೇಳುತ್ತಿಲ್ಲ. 1987ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಮೇಲಾ ಬ್ಯೋರ್ಕ್‌ಮನ್ ಎಂಬ ಯುವತಿ ಮತ್ತು ಅವರ ಸಂಗಡಿಗರು ಈ ಅಣುವಿನ ಆಕಾರವನ್ನು ಎಕ್ಸ್-ರೇ ಸಹಾಯದಿಂದ ಕಂಡುಹಿಡಿದರು. ಕೆಳಗೆ 8 ಎಳೆಗಳ ಹೆಣಿಗೆ, ಎರಡು ಪಕ್ಕದಲ್ಲೂ ಎತ್ತರದ ಅಂಚು, ನಡುವೆ ತಗ್ಗು. ಆ ತಗ್ಗಿನಲ್ಲಿ ಅವರು ಇಡದಿದ್ದ ಏನೋ ಒಂದು ಸಿಕ್ಕಿಕೊಂಡಿತ್ತು. ಅದೇ ಚೂರು. ಆ ಚಿತ್ರವನ್ನು ಪುಸ್ತಕದಲ್ಲಿ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಗೌರಿ ಹಬ್ಬದ ಬಾಗಿನದ ಮೊರ. ಮೇಷ್ಟ್ರ ಹತ್ತಿರ ಓಡಿ ಬಂದು ತೋರಿಸಬೇಕು ಅನ್ನಿಸಿತ್ತು. ಅಷ್ಟರಲ್ಲಿ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು.

ಚಿತ್ರ ಸಿಗುವ ಮೊದಲೇ ಇಬ್ಬರು ಈ ಗುಟ್ಟಿನ ಜಾಡು ಹಿಡಿದಿದ್ದರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1973ರ ಸುಮಾರಿಗೆ ಪೀಟರ್ ಡೋಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಇಲಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಡೋಹರ್ಟಿ ಓದಿದ್ದು ಪಶುವೈದ್ಯಕೀಯ, ನಮ್ಮ ಮಾತಿನಲ್ಲಿ ದನದ ಡಾಕ್ಟರು. ವೈರಸ್ ತಗುಲಿದ ಇಲಿಯ ಟಿ ಕಣಗಳನ್ನು ತೆಗೆದು, ಅದೇ ವೈರಸ್ ಇರುವ ಜೀವಕೋಶಗಳ ಮೇಲೆ ಬಿಟ್ಟರು. ಜೀವಕೋಶ ಅದೇ ತಳಿಯ ಇಲಿಯದಾದರೆ ಟಿ ಕಣ ಕೊಂದಿತು. ಬೇರೆ ತಳಿಯದಾದರೆ, ವೈರಸ್ ಅದೇ ಆಗಿದ್ದರೂ, ಸುಮ್ಮನಿತ್ತು. ಅಂದರೆ ಟಿ ಕಣ ನೋಡುವುದು ಚೂರನ್ನು ಮಾತ್ರವಲ್ಲ, ಚೂರು ಮತ್ತು ಮೊರ ಎರಡನ್ನೂ ಒಟ್ಟಿಗೆ. ತನ್ನ ಮನೆತನದ ಮೊರದಲ್ಲಿ ಪರರ ಸಿಪ್ಪೆ ಇರಬೇಕು, ಆಗ ಮಾತ್ರ ಸಾಕ್ಷಿ. ಇದಕ್ಕೆ ಇಬ್ಬರಿಗೂ 1996ರಲ್ಲಿ ನೊಬೆಲ್ ಬಹುಮಾನ ಬಂತು.

ಇನ್ನೊಂದು ದಾರಿಯೂ ಇದೆ. ಹೊರಗೆ ಅಡ್ಡಾಡುವ ರೋಗಾಣುವನ್ನು ನುಂಗಿ, ಹೊಟ್ಟೆಯ ಆಮ್ಲದಲ್ಲಿ ಕರಗಿಸಿ, ಆ ಚೂರನ್ನು ಬೇರೆ ಬಗೆಯ ಮೊರದಲ್ಲಿ ಹಿಡಿಯುವ ಕೋಶಗಳಿವೆ. ಈ ಮೊರ ಎರಡೂ ಕಡೆ ತೆರೆದದ್ದು, ಉದ್ದನೆಯ ಚೂರು ಹಿಡಿಸುತ್ತದೆ. ದಾರಿಯಲ್ಲಿ ಬೇಡದ್ದು ತುಂಬದಿರಲಿ ಎಂದು ಇದರ ಮೇಲೆ ಒಂದು ಮುಚ್ಚಳವೂ ಇರುತ್ತದೆ, ಆಮ್ಲದ ಕೋಣೆ ಸೇರಿದ ಮೇಲೆಯೇ ಅದು ತೆಗೆಯುತ್ತದೆ. ಈ ಕೆಲಸದಲ್ಲಿ ಎಲ್ಲರಿಗಿಂತ ಚುರುಕು ಡೆಂಡ್ರೈಟಿಕ್ ಕೋಶ. ಮರದ ಕೊಂಬೆಗಳಂತೆ ಮೈತುಂಬ ಕೈ ಚಾಚಿಕೊಂಡಿರುತ್ತದೆ. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಅದನ್ನು ಗುರುತಿಸಿದಾಗ ಬಹಳ ಜನ ನಂಬಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಅವರು ತೀರಿಕೊಂಡು ಆಗ ಮೂರು ದಿನವಾಗಿತ್ತು, ಘೋಷಿಸಿದವರಿಗೇ ಅದು ಗೊತ್ತಿರಲಿಲ್ಲ. ಬಹುಮಾನ ಹಿಂತೆಗೆಯಲಿಲ್ಲ.

ನಿಮ್ಮ ತೋಳಿಗೆ ಲಸಿಕೆ ಚುಚ್ಚಿದಾಗ ನಡೆಯುವುದು ಇದೇ. ಅಲ್ಲಿನ ಡೆಂಡ್ರೈಟಿಕ್ ಕೋಶ ಲಸಿಕೆಯ ಚೂರನ್ನು ಮೊರದಲ್ಲಿಟ್ಟುಕೊಂಡು ಕಂಕುಳಿನ ದುಗ್ಧಗ್ರಂಥಿಗೆ ನಡೆಯುತ್ತದೆ. ಕಂಕುಳಲ್ಲಿ ಗಂಟು ಬಂತು ಎಂದು ಕೆಲವರು ಹೆದರಿ ಫೋನ್ ಮಾಡಿದ್ದಿರಿ, ಅದು ಆ ಸಂತೆಯ ಗದ್ದಲ. ಅಲ್ಲಿ ಲಕ್ಷಾಂತರ ಟಿ ಕಣಗಳು ಬಂದು ಬಂದು ಮೊರ ನೋಡಿ ಹೋಗುತ್ತವೆ. ಆ ಚೂರಿಗೆ ಹೊಂದುವುದು ಲಕ್ಷಕ್ಕೆ ಒಂದೋ, ಅದಕ್ಕೂ ಕಡಿಮೆಯೋ. ಅದು ಸಿಗಬೇಕು, ಸಿಕ್ಕಿದ್ದು ಒಂದು ಎರಡಾಗಿ, ಎರಡು ನಾಲ್ಕಾಗಿ ಸಾವಿರಾರು ಆಗಬೇಕು. ಇವತ್ತು ಚುಚ್ಚಿಸಿಕೊಂಡರೆ ನಾಳೆಗೇ ಯಾಕೆ ರಕ್ಷಣೆ ಇಲ್ಲ ಎಂದು ಕೇಳಿದವರಿಗೆ ಇದು ಉತ್ತರ. ಹುಡುಕುವುದಕ್ಕೂ ಹೆಚ್ಚುವುದಕ್ಕೂ ವಾರಗಳು ಬೇಕು.

ಟಿ ಕಣಗಳಿಗೂ ಒಂದು ಶಾಲೆ ಇದೆ, ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ. ಎರಡೇ ಪರೀಕ್ಷೆ. ನಮ್ಮ ಮನೆತನದ ಮೊರ ಗುರುತಿಸಲು ಬರುತ್ತದೆಯೆ? ನಮ್ಮದೇ ಸಿಪ್ಪೆಯ ಮೇಲೆ ಸಿಟ್ಟಾಗದೆ ಇರಲು ಬರುತ್ತದೆಯೆ? ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಫೇಲಾಗಿ ಅಲ್ಲೇ ಸಾಯುತ್ತವೆ. ನಮ್ಮ ಶಾಲೆಯ ಹಳೆಯ ಗಣಿತದ ಫಲಿತಾಂಶ ಅದಕ್ಕಿಂತ ಎಷ್ಟೋ ಮೇಲು.

ಈಗ ಮೊರದ ವಿಚಾರಕ್ಕೆ ಮತ್ತೆ ಬರುತ್ತೇನೆ. ಮನುಷ್ಯರಲ್ಲಿ ಇದಕ್ಕೆ ಎಚ್‌ಎಲ್‌ಎ ಎಂದು ಹೆಸರು. ಒಬ್ಬೊಬ್ಬರ ಮೊರದ ಹೆಣಿಗೆ ಒಂದೊಂದು ಥರ. ಜಗತ್ತಿನಲ್ಲಿ ಸಾವಿರಾರು ಬಗೆ ಗುರುತಾಗಿವೆ. ಒಬ್ಬರ ಮೊರದಲ್ಲಿ ನಿಲ್ಲುವ ಚೂರು ಇನ್ನೊಬ್ಬರ ಮೊರದಲ್ಲಿ ಜಾರಿಹೋಗುತ್ತದೆ. ಅದಕ್ಕೇ ಒಂದೇ ವೈರಸ್ ಒಬ್ಬರನ್ನು ಮಲಗಿಸುತ್ತದೆ, ಇನ್ನೊಬ್ಬರಲ್ಲಿ ಕೆಮ್ಮಿ ಹೋಗುತ್ತದೆ. ಬೇರೆ ಕಾರಣಗಳೂ ಇವೆ, ಇದೂ ಒಂದು. ಎಚ್‌ಐವಿ ತಗುಲಿದವರಲ್ಲಿ ಬಿ57 ಎಂಬ ಮೊರ ಇದ್ದವರು ಎಷ್ಟೋ ಜನ ಔಷಧಿಯಿಲ್ಲದೆಯೂ ಬಹಳ ಕಾಲ ತಡೆದುಕೊಂಡದ್ದು ಕಂಡಿದೆ. ಇಡೀ ಊರಿಗೆ ಒಂದೇ ಹೆಣಿಗೆಯ ಮೊರ ಇದ್ದಿದ್ದರೆ, ಅದರಲ್ಲಿ ನಿಲ್ಲದ ಚೂರಿನ ರೋಗ ಒಂದು ಬಂದ ದಿನ ಊರಿಗೆ ಊರೇ ಖಾಲಿಯಾಗುತ್ತಿತ್ತು.

ವೈರಸ್ಸುಗಳೇನು ಸುಮ್ಮನೆ ಕೂತಿಲ್ಲ. ಬಾಯಿಯ ಪಕ್ಕ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಆ ಟ್ಯಾಪ್ ಕಿಂಡಿಗೇ ಬೆಣೆ ಹೊಡೆಯುತ್ತದೆ, ಚೂರು ಮೊರಕ್ಕೆ ಬರುವುದೇ ಇಲ್ಲ. ಅಂಥ ಮನೆಗಳಿಗೂ ಕಾವಲಿದೆ. ಬಾಗಿಲಲ್ಲಿ ಮೊರವೇ ಕಾಣದಿದ್ದರೆ ಅನುಮಾನಪಟ್ಟು ಕೊಲ್ಲುವ ಎನ್‌ಕೆ ಕಣ ಎಂಬ ಬೇರೆ ಪಹರೆ.

ಈಗ ನನ್ನ ಸ್ವಂತದ ಮಾತು. ನಾನು ಬೆಂಗಳೂರಿನಲ್ಲಿ ಸುಮಾರು ಮೂವತ್ತು ವರ್ಷ ಮಾಡಿದ ಕೆಲಸ ಈ ಮೊರಗಳನ್ನು ಗುರುತಿಸುವುದೇ. ಕಿಡ್ನಿ ಕೊಡುವವರು, ಪಡೆಯುವವರು ಇಬ್ಬರ ರಕ್ತ ತೆಗೆದು ಹೊಂದಾಣಿಕೆ ನೋಡುವುದು. 2004ರಲ್ಲಿ ನನ್ನ ತಮ್ಮನ ಎರಡೂ ಕಿಡ್ನಿ ನಿಂತವು. ಅವನೂ ಇದೇ ಶಾಲೆಯಲ್ಲಿ ಓದಿದವನು, ಕಬಡ್ಡಿಯಲ್ಲಿ ಅವನನ್ನು ಹಿಡಿದವರು ಇಲ್ಲಿ ಇದ್ದೀರಿ. ಅವನಿಗೆ ಕಿಡ್ನಿ ಕೊಟ್ಟದ್ದು ನಮ್ಮ ಅಮ್ಮ, ಐವತ್ತೇಳನೇ ವಯಸ್ಸಿನಲ್ಲಿ. ಆಮೇಲೆ ಊರಿನಲ್ಲಿ ಒಂದು ಮಾತು ಹುಟ್ಟಿತು: ‘ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿರುವ ಅಕ್ಕ ಕೊಡಲಿಲ್ಲ, ಮುದುಕಿ ಕೊಡಬೇಕಾಯಿತು.’ ನನ್ನ ಮುಂದೆ ಯಾರೂ ಅನ್ನಲಿಲ್ಲ. ಆದರೂ ನನಗೆ ತಲುಪಿತು. ಇಪ್ಪತ್ತು ವರ್ಷ ಉತ್ತರ ಕೊಡಲಿಲ್ಲ, ಯಾಕೆಂದರೆ ಉತ್ತರಕ್ಕೆ ಇಷ್ಟು ಪಾಠ ಬೇಕಾಗಿತ್ತು.

ಪ್ರತಿಯೊಬ್ಬರಿಗೂ ಒಂದು ಕಟ್ಟು ಮೊರ ಅಪ್ಪನಿಂದ, ಒಂದು ಕಟ್ಟು ಅಮ್ಮನಿಂದ. ಅಪ್ಪನ ಹತ್ತಿರ ಎರಡು ಕಟ್ಟು, ಅಮ್ಮನ ಹತ್ತಿರ ಎರಡು. ಒಡಹುಟ್ಟಿದ ಇಬ್ಬರಲ್ಲಿ ಎರಡೂ ಕಟ್ಟು ಒಂದೇ ಆಗುವ ಸಂಭವ ನಾಲ್ಕರಲ್ಲಿ ಒಂದು. ಒಂದೂ ಸೇರದಿರುವ ಸಂಭವವೂ ನಾಲ್ಕರಲ್ಲಿ ಒಂದು. ನನಗೂ ತಮ್ಮನಿಗೂ ಒಂದೂ ಸೇರಲಿಲ್ಲ. ರಕ್ತದ ಗುಂಪು ಇಬ್ಬರದೂ ಓ ಪಾಸಿಟಿವ್, ಮುಖ ಒಂದೇ ಅಚ್ಚು, ಆದರೆ ಮೊರದ ಲೆಕ್ಕದಲ್ಲಿ ನಾವು ದಾರಿಹೋಕರಂತೆ. ಅಮ್ಮನಿಗೆ ಮಾತ್ರ ಯಾವ ಮಗುವಿನ ಜೊತೆಗೂ ಅರ್ಧ ಸೇರಿಯೇ ಸೇರುತ್ತದೆ.

ಸೇರದಿದ್ದರೂ ಔಷಧಿಯ ಬಲದಿಂದ ಕಿಡ್ನಿ ಕೂರಿಸುವುದುಂಟು. ನಾನು ಅದಕ್ಕೂ ಸಿದ್ಧವಿದ್ದೆ. ಆದರೆ ತಮ್ಮನಿಗೆ ರಕ್ತಹೀನತೆಯಾಗಿ ಹಲವು ಸಲ ಬೇರೆಯವರ ರಕ್ತ ಕೊಟ್ಟಿದ್ದರು. ಆ ಚೀಲದಲ್ಲಿ ಕೆಂಪು ಕಣದ ಜೊತೆ ಬಂದ ಬಿಳಿ ಕಣಗಳ ಮೈಮೇಲೆ ಪರರ ಮೊರಗಳಿದ್ದವು. ಅವನ ಕೋಶಗಳು, ನಾನು ಈಗ ಹೇಳಿದ ಹಾಗೆಯೇ, ಆ ಮೊರಗಳನ್ನು ನುಂಗಿ, ಕತ್ತರಿಸಿ, ಟಿ ಕಣಕ್ಕೆ ತೋರಿಸಿದವು. ಟಿ ಕಣ ಅಪ್ಪಣೆ ಕೊಟ್ಟಿತು. ಪ್ರತಿಕಾಯಗಳು ಹುಟ್ಟಿದವು. ಅವನು ರಕ್ತ ಪಡೆದ ಯಾರೋ ಒಬ್ಬರ ಮೊರವೂ, ನಮ್ಮಪ್ಪನಿಂದ ನನಗೆ ಬಂದ ಮೊರವೂ ಒಂದೇ ಬಗೆಯವಾಗಿದ್ದವು.

ಕೊಡುವ ಮೊದಲು ಕಡೆಯದೊಂದು ಪರೀಕ್ಷೆ ಇದೆ. ಕೊಡುವವರ ಬಿಳಿ ಕಣಗಳನ್ನು ಪಡೆಯುವವರ ಸೀರಂನಲ್ಲಿ ಇಟ್ಟು, ಮೊಲದ ಸೀರಂ ಸ್ವಲ್ಪ ಸೇರಿಸಿ, ಬಣ್ಣ ಹಾಕಿ ನೋಡುವುದು. ಸತ್ತ ಕಣ ಬಣ್ಣ ಹೀರುತ್ತದೆ, ಬದುಕಿರುವುದು ಹೀರುವುದಿಲ್ಲ. ನನ್ನ ಪರೀಕ್ಷೆಯನ್ನು ಸಹೋದ್ಯೋಗಿ ಮಾಡಿದರು. ಮುಗಿದ ಮೇಲೆ ಏನೂ ಹೇಳದೆ ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ನನಗೆ ಜಾಗ ಬಿಟ್ಟರು. ನಾನು ನೋಡಿದೆ. ತಮ್ಮನ ರಕ್ತದಲ್ಲಿ ನನ್ನ ಕಣಗಳು ಒಂದೂ ಉಳಿಯದಂತೆ ಬಣ್ಣ ಹೀರಿ ಬಿದ್ದಿದ್ದವು. ನನ್ನ ಕಿಡ್ನಿ ಹಾಕಿದ್ದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಅದು ಕಪ್ಪಾಗಬಹುದಿತ್ತು. ಅಮ್ಮನ ಕಣಗಳು ಬದುಕಿ ಹೊಳೆಯುತ್ತಿದ್ದವು.

ಅಮ್ಮನ ಕಿಡ್ನಿ ಹದಿಮೂರು ವರ್ಷ ಕೆಲಸ ಮಾಡಿತು. ಆ ಹದಿಮೂರು ವರ್ಷದಲ್ಲಿ ತಮ್ಮ ಮದುವೆಯಾದ, ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ ಇಟ್ಟ. ಅವನ ಮಗಳು ಈಗ ಇದೇ ಶಾಲೆಯಲ್ಲಿ ಹತ್ತನೇ ತರಗತಿ. ಬೆಳಿಗ್ಗೆ ನಿಮಗೆಲ್ಲ ಬ್ಯಾಡ್ಜ್ ಚುಚ್ಚಿದವಳು ಅವಳೇ.

ಅಮ್ಮ ಎರಡನೇ ಸಾಲಿನಲ್ಲಿ ಕೂತಿದ್ದಾಳೆ. ಊಟಕ್ಕೆ ಹೊತ್ತಾಯಿತು, ಸಾಕು ಮಾಡು ಎಂದು ಆಗಿನಿಂದ ಕೈ ತೋರಿಸುತ್ತಿದ್ದಾಳೆ. ಪ್ರಶ್ನೆ ಇರುವ ಮಕ್ಕಳು ಊಟವಾದ ಮೇಲೆ ಗ್ರಂಥಾಲಯದ ಕೋಣೆಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ.