ಗಂಟು ಹೊತ್ತವರು ಲೆಕ್ಕ ಕೇಳೋಣ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಸರ್ಕಾರ ಅಂದರೆ ನಮ್ಮಲ್ಲಿ ಎಷ್ಟೋ ಜನರ ಕಣ್ಣ ಮುಂದೆ ವಿಧಾನಸೌಧ ಬಂದು ನಿಲ್ಲುತ್ತದೆ. ಆದರೆ ಕೇರಿಯಲ್ಲಿರುವ ನಮ್ಮ ಅವ್ವಂದಿರಿಗೆ ಸರ್ಕಾರ ಅಂದರೆ ಬೀದಿ ನಲ್ಲಿ, ಬೀದಿ ದೀಪ, ಮನೆಯ ಪಟ್ಟಿಯಲ್ಲಿ ಹೆಸರು ಬಂತೋ ಇಲ್ಲವೋ ಅನ್ನೋದು. ಅವರ ತಿಳುವಳಿಕೆಯೇ ಸರಿ. ವಿಧಾನಸೌಧದಲ್ಲಿ ಕಾನೂನು ಹುಟ್ಟುತ್ತದೆ. ಅದು ಅನ್ನವಾಗುತ್ತೋ ಬರೀ ಕಾಗದವಾಗುತ್ತೋ ಅನ್ನೋದು ತೀರ್ಮಾನವಾಗೋದು ಊರಿನ ಪಂಚಾಯ್ತಿಯಲ್ಲಿ. ಆದ್ದರಿಂದ ಇವತ್ತು ನಾವು ಕವಿತೆ ಓದುವುದಿಲ್ಲ, ಲೆಕ್ಕ ಓದುತ್ತೇವೆ. ಲೆಕ್ಕವೂ ನಮಗೆ ಬೇಕಾದ ಹಾಡೇ.

ಮೊದಲು ಹಳೇ ಕಥೆ. ನಮ್ಮ ತಾತಂದಿರ ಕಾಲದಲ್ಲಿ ಊರಿನ ಸರ್ಕಾರ ಅಂದರೆ ಪಟೇಲ ಮತ್ತು ಶಾನುಭೋಗ. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ. ಹಾಗೇ ತೋಟಿಯ ಮಗ ತೋಟಿ. ಪಟೇಲ ಕಂದಾಯ ವಸೂಲಿ ಮಾಡಿದ, ಶಾನುಭೋಗ ಲೆಕ್ಕ ಬರೆದ, ಆ ಕಂದಾಯದ ಗಂಟು ಹೊತ್ತು ತಾಲ್ಲೂಕು ಕಚೇರಿಗೆ ನಡೆದವರು ನಮ್ಮ ತಾತಂದಿರು. ಗಂಟು ಹೊತ್ತವರಿಗೆ ಅದರೊಳಗೆ ಎಷ್ಟಿದೆ ಅಂತ ಕೇಳುವ ಹಕ್ಕಿರಲಿಲ್ಲ. 1961ರಲ್ಲಿ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂತು. ಹುದ್ದೆ ಹೋಯಿತು. ಚಾವಡಿಯ ಬುದ್ಧಿ ಹೋಯಿತೇ?

ಇದನ್ನು ಬಾಬಾಸಾಹೇಬರು ಎಲ್ಲರಿಗಿಂತ ಮೊದಲೇ ಕಂಡಿದ್ದರು. 1932ರಲ್ಲಿ ಮುಂಬಯಿ ಶಾಸನ ಪರಿಷತ್ತಿಗೆ ಗ್ರಾಮ ಪಂಚಾಯ್ತಿ ಮಸೂದೆ ಬಂದಾಗ ಅವರು ಅದನ್ನು ಕಣ್ಣು ಮುಚ್ಚಿ ಒಪ್ಪಲಿಲ್ಲ. ನಮ್ಮವರಿಗೆ ಅದರಲ್ಲಿ ಜಾಗ ಎಲ್ಲಿದೆ ಅಂತ ಕೇಳಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ, ಹಳ್ಳಿಯನ್ನು ಹಾಡಿ ಹೊಗಳುವವರ ಮುಖಕ್ಕೇ ಅದು ಅಜ್ಞಾನದ ಮತ್ತು ಕೋಮುವಾದದ ಗೂಡು ಎಂಬ ಅರ್ಥದ ಮಾತು ಹೇಳಿದರು. ಕರಡಿನಲ್ಲಿ ಹಳ್ಳಿಯಲ್ಲ, ವ್ಯಕ್ತಿಯೇ ಮೂಲ ಘಟಕವಾದ. ಆಮೇಲೆ ಸಭೆ ಪಂಚಾಯ್ತಿಯನ್ನು 40ನೇ ವಿಧಿಯಲ್ಲಿ ನಿರ್ದೇಶಕ ತತ್ವವಾಗಿ ಸೇರಿಸಿತು. ಕೋರ್ಟಿಗೆ ಹೋಗಿ ಕೇಳಲಾಗದ ಮಾತು ಅದು.

ಈಗ ಅಧಿಕಾರದ ಏಣಿಯನ್ನು ನೋಡೋಣ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ಸ್ಥಳೀಯ ಸರ್ಕಾರ ಅನ್ನೋದು ರಾಜ್ಯ ಪಟ್ಟಿಯ 5ನೇ ಬಾಬತ್ತು. ಅಂದರೆ ಪಂಚಾಯ್ತಿಗೆ ಎಷ್ಟು ಅಧಿಕಾರ, ಎಷ್ಟು ಕಾಸು ಅನ್ನೋದನ್ನು ಬಹುಮಟ್ಟಿಗೆ ಬೆಂಗಳೂರು ಹೇಳುತ್ತದೆ.

ಕರ್ನಾಟಕ ಒಂದು ಕಾಲಕ್ಕೆ ಇದರಲ್ಲಿ ದೇಶಕ್ಕೇ ಮುಂದಿತ್ತು. 1983ರಲ್ಲಿ ಹೆಗಡೆ ಸರ್ಕಾರದ ಕಾಲಕ್ಕೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳ ಕಾಯ್ದೆ ಆಯಿತು. ಜನ ‘ನೀರ್ ಸಾಬ್’ ಅಂತ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದೆ ನಿಂತಿದ್ದರು. 1987ರಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ಕಾಲು ಪಾಲು ಸೀಟು ಸಿಕ್ಕಿತು. ಆದರೆ ಅವಧಿ ಮುಗಿದ ಮೇಲೆ ಆ ಮನೆಗಳಿಗೆ ಆಡಳಿತಾಧಿಕಾರಿಗಳು ಬಂದು ಕೂತರು. ಸಂವಿಧಾನದ ಬಲವಿಲ್ಲದ ಪಂಚಾಯ್ತಿ ಬಾಡಿಗೆ ಮನೆಯಿದ್ದಂತೆ. ಮಾಲೀಕ ಹೇಳಿದ ದಿನ ಖಾಲಿ ಮಾಡಬೇಕು.

ಆ ಬಲ ಬಂದದ್ದು 73ನೇ ತಿದ್ದುಪಡಿಯಿಂದ. 1993ರ ಏಪ್ರಿಲ್ 24ರಂದು ಅದು ಜಾರಿಗೆ ಬಂತು. ಐದು ವರ್ಷಕ್ಕೊಮ್ಮೆ ಚುನಾವಣೆ, ರಾಜ್ಯ ಚುನಾವಣಾ ಆಯೋಗ, ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ, ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳು. ನಮಗೆ ದೊಡ್ಡದು 243ಡಿ ವಿಧಿ: ಜನಸಂಖ್ಯೆಗೆ ತಕ್ಕಂತೆ ಸದಸ್ಯ ಸ್ಥಾನದಲ್ಲೂ ಅಧ್ಯಕ್ಷ ಸ್ಥಾನದಲ್ಲೂ ಮೀಸಲಾತಿ. ಅದೇ ವರ್ಷ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೂರು ಮೆಟ್ಟಿಲು.

ಆದರೆ ಗೆಳೆಯರೇ, ಕುರ್ಚಿ ಸಿಗೋದೇ ಬೇರೆ, ಕುರ್ಚಿಯಲ್ಲಿ ಕೂರೋದೇ ಬೇರೆ. ಈ ಕುರ್ಚಿಗೆ ಎಂಥ ಬೆಲೆ ತೆರಬೇಕಾಯಿತು ಅನ್ನೋದಕ್ಕೆ ಪಕ್ಕದ ತಮಿಳುನಾಡನ್ನು ನೋಡಿ. ಮದುರೈ ಜಿಲ್ಲೆಯ ಮೇಲವಳವು ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಗೆದ್ದು ಅಧ್ಯಕ್ಷರಾದ ಮುರುಗೇಶನ್ ಅವರನ್ನು 1997ರ ಜೂನ್ 30ರಂದು ಕೊಚ್ಚಿ ಕೊಂದರು. ಅದೇ ಸೀಮೆಯ ಪಾಪ್ಪಾಪಟ್ಟಿ, ಕೀರಿಪಟ್ಟಿಗಳಲ್ಲಿ 1996ರಿಂದ ಹತ್ತು ವರ್ಷ ಮೀಸಲು ಅಧ್ಯಕ್ಷರು ಕುರ್ಚಿಯಲ್ಲಿ ನೆಲೆ ನಿಲ್ಲುವುದಕ್ಕೇ ಬಿಡಲಿಲ್ಲ. ನಮ್ಮ ಕಡೆ ಕತ್ತಿ ಹಿಡಿಯದೆಯೂ ಇದನ್ನು ಮಾಡುತ್ತಾರೆ. ಅಧ್ಯಕ್ಷೆ ನಮ್ಮ ಅಕ್ಕ. ಮೊಹರು, ಚೆಕ್ ಪುಸ್ತಕ ಗೌಡರ ಮನೆಯಲ್ಲಿ. ಅಕ್ಕನಿಗೆ ಹೆಬ್ಬೆಟ್ಟು ಒತ್ತುವ ಕೆಲಸ. ಇದೂ ಒಂದು ಕೊಲೆಯೇ, ರಕ್ತ ಕಾಣದ ಕೊಲೆ.

ಇನ್ನು ಹಣಕ್ಕೆ ಬರೋಣ. ರಾಜ್ಯದ ಬೊಕ್ಕಸ ತುಂಬೋದು ಎಲ್ಲಿಂದ? ಜಿಎಸ್‌ಟಿಯ ಪಾಲು, ಪೆಟ್ರೋಲು-ಡೀಸೆಲ್ ತೆರಿಗೆ, ನೋಂದಣಿ ಶುಲ್ಕ, ವಾಹನ ತೆರಿಗೆ, ಹೆಂಡದ ಅಬಕಾರಿ. ನಮಗೆ ಜಮೀನಿಲ್ಲ, ಕಾರಿಲ್ಲ, ನಾವು ತೆರಿಗೆ ಕಟ್ಟೋದಿಲ್ಲ ಅಂತಾರೆ. ಸುಳ್ಳು. ಸೋಪು ಕೊಂಡರೂ ತೆರಿಗೆ, ಬಿಸ್ಕತ್ತು ಕೊಂಡರೂ ತೆರಿಗೆ. 2007ರಲ್ಲಿ ಸಾರಾಯಿ ನಿಲ್ಲಿಸಿದರು, ಬಾಟಲಿ ನಿಲ್ಲಲಿಲ್ಲ. ನಮ್ಮ ಅಪ್ಪಂದಿರ ಕೂಲಿ ಪ್ರತಿ ಸಂಜೆ ಬೊಕ್ಕಸಕ್ಕೆ ನಡೆದುಕೊಂಡು ಹೋಗುತ್ತದೆ. ಗಂಟು ಹೊರುವವರು ಇವತ್ತೂ ನಾವೇ.

ಇನ್ನೊಂದು ದಾರಿ ದೆಹಲಿಯದು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಂಚೋದು ಹಣಕಾಸು ಆಯೋಗ. ಹದಿನಾಲ್ಕನೇ ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಅನ್ಯಾಯ ಅಂತ ಬೆಂಗಳೂರು ಕೂಗಿತು. ಕೂಗಬೇಕಾದ್ದೇ. ಆದರೆ ದೆಹಲಿ ಬೆಂಗಳೂರಿಗೆ ಮಾಡಿದ್ದನ್ನು ಬೆಂಗಳೂರು ಪಂಚಾಯ್ತಿಗೆ ಮಾಡಿದರೆ? ಊರು ಕೇರಿಗೆ ಮಾಡಿದರೆ? ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಆಳಿದರು. ಐದು ವರ್ಷದ ಮಾತು ಸಂವಿಧಾನದಲ್ಲೇ ಇದೆ. ಆ ಮನೆಗಳಲ್ಲಿ ಕೂರಬೇಕಾಗಿದ್ದ ನಮ್ಮ ಮೀಸಲು ಸದಸ್ಯರ ಸ್ಥಾನವೂ ಅಷ್ಟು ವರ್ಷ ಖಾಲಿ ಉಳಿಯಿತು.

ಗ್ರಾಮ ಪಂಚಾಯ್ತಿಯ ಸ್ವಂತ ವರಮಾನ ನೋಡಿ. ಮನೆ ಕಂದಾಯ, ನೀರಿನ ದರ, ಅಂಗಡಿ ಲೈಸೆನ್ಸು, ಸಂತೆ ಸುಂಕ. ಕಟ್ಟಡಕ್ಕೆ, ಸೈಟಿಗೆ ಪಂಚಾಯ್ತಿ ತೆರಿಗೆ ಹಾಕುತ್ತದೆ. ಬೇಸಾಯದ ಜಮೀನಿಗೆ ಈ ತೆರಿಗೆ ಇಲ್ಲ. ಅಂದರೆ ಕೇರಿಯ ಒಂದಂಕಣದ ಮನೆಗೂ ಪಂಚಾಯ್ತಿ ಕಂದಾಯ ಉಂಟು, ಇಪ್ಪತ್ತು ಎಕರೆ ತೋಟದವನ ತೋಟಕ್ಕೆ ಇಲ್ಲ. ಈ ಸ್ವಂತ ವರಮಾನದಲ್ಲಿ ಶೇ 25ರಷ್ಟನ್ನು ಪರಿಶಿಷ್ಟರಿಗೆ ಖರ್ಚು ಮಾಡಬೇಕೆಂಬ ನಿಯಮವಿದೆ. ಪಟ್ಟಣದ ಪುರಸಭೆ, ನಗರಸಭೆಗಳಲ್ಲಿ ಇದು ಶೇ 24.10. ಕೇರಿಯ ದೀಪಕ್ಕೆ ದುಡ್ಡಿಲ್ಲ ಅಂದಾಗ ನಮ್ಮಲ್ಲಿ ಎಷ್ಟು ಜನ ಈ ಪಾಲು ಎಲ್ಲಿ ಅಂತ ಕೇಳಿದ್ದೇವೆ?

ಇದಕ್ಕಿಂತ ದೊಡ್ಡ ಲೆಕ್ಕ ರಾಜ್ಯದ ಬಜೆಟ್ಟಿನಲ್ಲಿದೆ. 2013ರಲ್ಲಿ ಕರ್ನಾಟಕ ಒಂದು ಒಳ್ಳೇ ಕಾಯ್ದೆ ಮಾಡಿತು. ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆ ಸೇರಿ ಶೇ 24.10. ಯೋಜನೆ ಹಣದಲ್ಲಿ ಅಷ್ಟು ಪಾಲು ಅವರಿಗೇ ಅಂತ ಅದು ಹೇಳಿತು. ಆದರೆ ಅದರೊಳಗೇ 7(ಡಿ) ಅನ್ನೋ ಒಂದು ಕಿಂಡಿ ಬಿಟ್ಟರು. ಎಲ್ಲರೂ ಓಡಾಡುವ ರಸ್ತೆಗೆ, ಎಲ್ಲರಿಗೂ ಸೇರಿದ ಕಾಮಗಾರಿಗೆ ಖರ್ಚು ಮಾಡಿ, ಅದರಲ್ಲಿ ಒಂದು ಭಾಗವನ್ನು ನಮಗೇ ಖರ್ಚಾಯಿತು ಅಂತ ಬರೆದುಕೊಳ್ಳಬಹುದಿತ್ತು. ಚಳವಳಿ ಕೂಗಿ ಕೂಗಿ 2023ರಲ್ಲಿ ಆ ಕಿಂಡಿ ಮುಚ್ಚಿಸಿತು. ಅದೇ ವರ್ಷ ಈ ಬಾಬಿನ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಆ ಯೋಜನೆಗಳಲ್ಲಿ ಪರಿಶಿಷ್ಟರೂ ಫಲಾನುಭವಿಗಳಲ್ಲವೇ ಅಂತ ಸರ್ಕಾರ ಕೇಳುತ್ತದೆ. ಹೌದು, ನಮ್ಮ ಅವ್ವನಿಗೂ ಎರಡು ಸಾವಿರ ಬರುತ್ತದೆ, ಅದು ಬರಲಿ. ಆದರೆ ಊರಿನ ಅವ್ವನಿಗೆ ಎಲ್ಲರ ಬೊಕ್ಕಸದಿಂದ ಕೊಟ್ಟು, ಕೇರಿಯ ಅವ್ವನಿಗೆ ಮಾತ್ರ ಅವಳ ಮಕ್ಕಳ ಹಾಸ್ಟೆಲು, ಸ್ಕಾಲರ್‌ಶಿಪ್ಪಿಗೆ ಆಗಬೇಕಾದ ಗಂಟಿನಿಂದ ಕೊಡೋದು ಯಾವ ನ್ಯಾಯ?

ಹಾಗಾದರೆ ನಾವು ಏನು ಮಾಡಬೇಕು? ಘೋಷಣೆ ಬೇಕು, ಮೆರವಣಿಗೆಯೂ ಬೇಕು. ಜೊತೆಗೆ ಕಾಗದ ಬೇಕು.

ಒಂದು. ರಜಕ್ಕೆ ಊರಿಗೆ ಹೋದಾಗ ವಾರ್ಡ್ ಸಭೆ, ಗ್ರಾಮ ಸಭೆ ಯಾವತ್ತು ಅಂತ ಕೇಳಿ. ಕನಿಷ್ಠ ಆರು ತಿಂಗಳಿಗೊಮ್ಮೆ ಗ್ರಾಮ ಸಭೆ ನಡೆಯಬೇಕು. ಮತದಾರರಾದ ನೀವೆಲ್ಲ ಅದರ ಸದಸ್ಯರು. ಯಾರೂ ಕರೆಯಬೇಕಾಗಿಲ್ಲ.

ಎರಡು. ಶೇ 25ರ ಹಣ ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಬರೆದು ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಒಬ್ಬರೇ ಹೋಗಬೇಡಿ, ಐದಾರು ಜನ ಸೇರಿ ಹೋಗಿ. ಒಬ್ಬನನ್ನು ಹೆದರಿಸೋದು ಸುಲಭ.

ಮೂರು. ಮೀಸಲು ಸ್ಥಾನದಲ್ಲಿ ಗೆದ್ದ ನಮ್ಮ ಅಕ್ಕ, ಅಣ್ಣಂದಿರನ್ನು ಹೀಯಾಳಿಸಬೇಡಿ. ಕೂಲಿ ಮುಗಿಸಿ ಬರುವ ಅಕ್ಕನ ಪಕ್ಕ ಕೂತು ನಡಾವಳಿ ಪುಸ್ತಕ ಓದಿ ಹೇಳಿ. ಓದದೆ ಹೆಬ್ಬೆಟ್ಟು ಒತ್ತಬೇಡ ಅಕ್ಕ ಅನ್ನಿ. ಬಿಎ ಓದಿದ ನಾವು ಅಷ್ಟೂ ಮಾಡದಿದ್ದರೆ ಹಾಸ್ಟೆಲಿನ ಅನ್ನ ಉಂಡು ಏನು ಬಂತು?

ನೂರು ಊರು ಬೇಡ. ಇಲ್ಲಿ ಕೂತಿರುವ ಒಬ್ಬೊಬ್ಬರೂ ಒಂದೊಂದು ಪಂಚಾಯ್ತಿಯ ಒಂದು ವರ್ಷದ ಲೆಕ್ಕ ತನ್ನಿ. ಮುಂದಿನ ಶಿಬಿರದಲ್ಲಿ ಅವನ್ನೆಲ್ಲ ಗೋಡೆಗೆ ಅಂಟಿಸೋಣ, ಎದುರಿಗೆ ನಿಂತು ಒಂದೊಂದು ಸಾಲಾಗಿ ಜೋರಾಗಿ ಓದೋಣ.

ಜೈ ಭೀಮ್.