ಮನೆಯ ಪಾಠದಲ್ಲಿ ಬರವಣಿಗೆ

ಮಗುವನ್ನು ಪಾಠಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಸಂಸಾರಗಳು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈಗ ತೀರ ಅಪರೂಪವಲ್ಲ. ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆ ಈ ಕಡೆಗಳಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಏಳೆಂಟು ವರ್ಷದ ಮಗುವೊಂದು ಉದ್ಯಾನದಲ್ಲಿ ಆಡುತ್ತಿದ್ದರೆ, ಹಿಂದೆ “ಜ್ವರವೆ?” ಎಂದು ವಿಚಾರಿಸುತ್ತಿದ್ದ ಹಿರಿಯರು ಈಗ “ಮನೆಯಲ್ಲೇ ಪಾಠವೋ?” ಎಂದು ಕೇಳುತ್ತಾರೆ. ಹೌದೆಂದರೆ ಇನ್ನೊಂದು ಪ್ರಶ್ನೆ ಬೆನ್ನಿಗೇ ಬರುತ್ತದೆ: “ಹಾಗಾದರೆ ಬರೆಯುವುದು?” ಓದನ್ನೂ ಲೆಕ್ಕವನ್ನೂ ಕುರಿತು ಯಾರೂ ಇಷ್ಟು ಚಿಂತಿಸುವುದಿಲ್ಲ. ಬರವಣಿಗೆಯಾದರೋ ಕಣ್ಣಿಗೆ ಕಾಣುವ ವಸ್ತು. ಪುಸ್ತಕವನ್ನು ತೆಗೆದು ತೋರಿಸಿ ಎನ್ನಬಹುದು, ಪುಟಗಳನ್ನು ಎಣಿಸಬಹುದು. ಶಾಲೆಗೆ ಹೋಗುವ ನೆರೆಮನೆಯ ಮಗುವಿನ ಪುಟಗಳು ನೂರಾರು. ನಮ್ಮದರವು ಹತ್ತೋ ಹನ್ನೆರಡೋ. ತಾಯಿತಂದೆಗಳ ಧೈರ್ಯ ಕುಗ್ಗುವುದು ಆಗ.

ಮನೆಯ ಪಾಠದ ನ್ಯಾಯಾನ್ಯಾಯಗಳನ್ನು ಇಲ್ಲಿ ನಾವು ವಿಚಾರಿಸಹೊರಟಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು ಹೇಳುತ್ತದೆ. ಮನೆಯ ಪಾಠವನ್ನು ಹೆಸರಿಸಿ ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ಹೀಗೆ ಓದಿದ ಮಕ್ಕಳಲ್ಲಿ ಅನೇಕರು ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಅಲ್ಲಿ ಗಂಟೆಗಟ್ಟಲೆ ಕೈಯಲ್ಲಿಯೇ ಬರೆಯಬೇಕು. ಆದುದರಿಂದ ಬರವಣಿಗೆಯ ಪ್ರಶ್ನೆ ತೇಲಿಸಿಬಿಡತಕ್ಕದ್ದಲ್ಲ.

ನಮ್ಮ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕಾಗಿದೆ, ಕೇಳುವವರು ಕ್ಷಮಿಸಬೇಕು. ಮಗಳಿಗೆ ಆರು ವರ್ಷವಾದಾಗ, ಶಾಲೆಯನ್ನು ಬಿಡಿಸಿದ ನಾವು ಶಾಲೆಯ ಕ್ರಮವನ್ನು ಮಾತ್ರ ಬಿಡಲಿಲ್ಲ. ದಿನಕ್ಕೆ ಎರಡು ಪುಟ ಕನ್ನಡ, ಎರಡು ಪುಟ ಇಂಗ್ಲಿಷ್ ಕಾಪಿ ಎಂದು ಗೊತ್ತುಮಾಡಿದೆವು. ಕನ್ನಡಕ್ಕೆ ಎರಡು ಗೆರೆಯ ಪುಸ್ತಕ, ಇಂಗ್ಲಿಷಿಗೆ ನಾಲ್ಕು ಗೆರೆಯದು. ಮಗು ಜಾಣೆ. “ಹಸು ಹಾಲು ಕೊಡುತ್ತದೆ” ಎಂಬ ವಾಕ್ಯವನ್ನು ಹತ್ತು ಸಲ ಬರೆಯೆಂದರೆ, ಮೊದಲು ಮೇಲಿಂದ ಕೆಳಗಿನವರೆಗೆ ಹತ್ತು “ಹಸು”ಗಳನ್ನು ಕಟ್ಟುತ್ತಿತ್ತು. ಅನಂತರ ಹತ್ತು “ಹಾಲು”. ಕೊನೆಗೆ ಹತ್ತು “ಕೊಡುತ್ತದೆ”. ಪುಟ ತುಂಬಿದ ಮೇಲೆ ಏನು ಬರೆದೆ ಎಂದರೆ ಹೇಳಲು ಬರುತ್ತಿರಲಿಲ್ಲ. ಒಂದು ದಿನ ಪುಟದ ಮೂರನೆಯ ಸಾಲಿನಲ್ಲಿ “ಕೊಡುತದೆ” ಎಂದು ಒತ್ತು ಬಿದ್ದುಹೋದದ್ದು ಹತ್ತನೆಯ ಸಾಲಿನವರೆಗೂ ಹಾಗೆಯೇ ಇಳಿದು ಬಂದಿತ್ತು. ಎಂಟು ಸಲ ತಪ್ಪನ್ನು ಅಭ್ಯಾಸ ಮಾಡಿಸಿದ ಹಾಗಾಯಿತು.

ಇದರಿಂದ ಬೇಸತ್ತು ನಾವು ಇನ್ನೊಂದು ದಡಕ್ಕೆ ಹಾರಿದೆವು. ಬರವಣಿಗೆಯೇ ಬೇಡ, ಮಗು ತಾನಾಗಿ ಬಯಸಿದಾಗ ಬರೆಯಲಿ ಎಂದು ಒಂದೂವರೆ ವರ್ಷ ಸುಮ್ಮನಿದ್ದೆವು. ಮಗಳು ಬೇಕಾದಷ್ಟು ಓದಿದಳು. ಕಂಡದ್ದನ್ನೂ ಕೇಳಿದ್ದನ್ನೂ ಬಣ್ಣ ಕಟ್ಟಿ ಹೇಳುವಳು. ಎಂಟನೆಯ ವರ್ಷದಲ್ಲಿ ಹಾಸನದಲ್ಲಿರುವ ಅಜ್ಜಿಗೆ ಕಾಗದ ಬರೆಯುವ ಆಸೆ ತಾನಾಗಿಯೇ ಹುಟ್ಟಿತು. ಲಾಲ್‌ಬಾಗಿನಲ್ಲಿ ಕಂಡ ಚಿಟ್ಟೆಯ ವಿಷಯವನ್ನು ಬಾಯಲ್ಲಿ ಕಾಲು ಗಂಟೆ ಹೇಳಿದಳು. ಕಾಗದ ಕೊಟ್ಟೆವು. ಅರ್ಧ ಗಂಟೆಯ ಮೇಲೆ ನೋಡಿದರೆ ಅದರಲ್ಲಿ ಇದ್ದದ್ದು ಇಷ್ಟು: “ಅಜ್ಜಿ ನಾನು ಹುಳ ನೋಡಿದೆ.” ಚಿಟ್ಟೆಯೆಂದು ಏಕೆ ಬರೆಯಲಿಲ್ಲವೆಂದು ಕೇಳಿದರೆ, “ಟ್ಟೆ ಬರುವುದಿಲ್ಲ” ಎಂದು ಅತ್ತುಬಿಟ್ಟಳು.

ಆ ಚೀಟಿ ನಮ್ಮನ್ನು ಎಚ್ಚರಿಸಿತು. ಬುದ್ಧಿಯಲ್ಲಿ ಚಿಟ್ಟೆ ಇದೆ. ಕೈಯಲ್ಲಿ ಹುಳ ಮಾತ್ರ ಇದೆ. ಹೀಗಾದರೆ ಮಗು ತಾನು ಬರೆಯಬಲ್ಲಷ್ಟನ್ನೇ ಯೋಚಿಸಲು ಕಲಿಯುತ್ತದೆ. ಕಾಲೇಜಿನಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುವ ನಮಗೆ ಇದರ ಬೆಳೆದ ರೂಪ ಪರಿಚಿತವಾದದ್ದೆ. ಮುತ್ತಿನಂಥ ಅಕ್ಷರದಲ್ಲಿ ಏನನ್ನೂ ಹೇಳದ ಪತ್ರಿಕೆಗಳು ಒಂದು ಬಗೆ. ತರಗತಿಯಲ್ಲಿ ಸೊಗಸಾಗಿ ವಾದಿಸಿದ ಹುಡುಗ ಪರೀಕ್ಷೆಯಲ್ಲಿ ಒಂದು ಪುಟಕ್ಕೆ ನಿಂತುಹೋಗುವುದು ಮತ್ತೊಂದು ಬಗೆ. ಮೊದಲನೆಯವನಿಗೆ ಕಾಪಿ ಹೆಚ್ಚಾಯಿತು, ಎರಡನೆಯವನಿಗೆ ಸಾಲದಾಯಿತು ಎಂದು ಹೇಳಿಬಿಡುವುದು ಸುಲಭ. ಆದರೆ ನಿಜವಾದ ಕಾರಣ, ಬರವಣಿಗೆ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಕೆಲಸಗಳನ್ನು ಕಟ್ಟಿಹಾಕಿರುವುದು. ಒಂದು ಕೈಯ ಕೆಲಸ, ಅಕ್ಷರದ್ದು. ಇನ್ನೊಂದು ಮನಸ್ಸಿನ ಕೆಲಸ, ರಚನೆಯದು. ಪುಟದ ಲೆಕ್ಕ ಇವೆರಡನ್ನೂ ಬೇರ್ಪಡಿಸಲಾರದು.

ಬಲ್ಲವರ ಅಭಿಪ್ರಾಯಗಳು ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಾಣುವುದೂ ಇದರಿಂದಲೆ. ಮನೆಯ ಪಾಠದವರು ಬಹಳವಾಗಿ ಓದುವ ಇಂಗ್ಲೆಂಡಿನ ಷಾರ್ಲಟ್ ಮೇಸನ್, 1886ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಚಿಕ್ಕ ಮಗುವಿಗೆ ಬರವಣಿಗೆಯ ಪಾಠ ಐದು ಹತ್ತು ನಿಮಿಷ ಮೀರಬಾರದೆಂದರು. ಕೇಳಿದ ಕಥೆಯನ್ನು ಒಂಬತ್ತು ಹತ್ತು ವರ್ಷದವರೆಗೆ ಬಾಯಲ್ಲಿ ಹೇಳಿಸಿದರೆ ಸಾಕು ಎಂಬುದು ಅವರ ಮತ. ಅಮೆರಿಕದ ಸರ್ಕಾರದ ಪರವಾಗಿ ಸ್ಟೀವ್ ಗ್ರಹಾಂ ಮೊದಲಾದ ವಿದ್ವಾಂಸರು 2012ರಲ್ಲಿ ಸಿದ್ಧಪಡಿಸಿದ ಕೈಪಿಡಿಯೋ, ಒಂದನೆಯ ತರಗತಿಯಿಂದಲೇ ದಿನಕ್ಕೆ ಒಂದು ಗಂಟೆ ಬರವಣಿಗೆಗೆ ಮೀಸಲಿರಬೇಕೆನ್ನುತ್ತದೆ. ಐದು ನಿಮಿಷವೆಲ್ಲಿ, ಒಂದು ಗಂಟೆಯೆಲ್ಲಿ! ಆದರೆ ಆ ಗಂಟೆಯಲ್ಲಿ ಅರ್ಧ ಉಪಾಧ್ಯಾಯರು ಕಲಿಸುವ ಹೊತ್ತು. ಉಳಿದರ್ಧ ಮಾತ್ರ ಅಭ್ಯಾಸ. ವಿಜ್ಞಾನ, ಚರಿತ್ರೆಗಳ ಪಾಠದಲ್ಲಿ ಬರೆದದ್ದೂ ಅದರಲ್ಲಿ ಸೇರಬಹುದು. ಮೇಸನ್ ಹೇಳಿದ ಐದು ನಿಮಿಷವಾದರೋ ಕೇವಲ ಅಕ್ಷರದ್ದು. ಕೈಯ ಕೆಲಸವನ್ನೂ ಮನಸ್ಸಿನ ಕೆಲಸವನ್ನೂ ಬೇರೆಬೇರೆ ತೂಗಿದರೆ ಇಬ್ಬರ ನಡುವಿನ ಅಂತರ ಅಷ್ಟು ಭಯಂಕರವಲ್ಲ. ನಮ್ಮ ದೇಶದ 2020ರ ಶಾಲಾ ಚೀಲದ ನೀತಿಯೂ ಎರಡನೆಯ ತರಗತಿಯವರೆಗೆ ಮನೆಗೆಲಸ ಬೇಡವೆಂದೂ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯೆಂದೂ ಹೇಳಿರುವುದನ್ನು ಪುಟ ಎಣಿಸುವ ನೆರೆಯವರಿಗೆ ನೆನಪು ಮಾಡಿಕೊಡಬಹುದು.

ಆದರೆ ಈ ಪಾಶ್ಚಾತ್ಯ ಲೆಕ್ಕಗಳೆಲ್ಲ ಇಪ್ಪತ್ತಾರು ಅಕ್ಷರಗಳ ಲಿಪಿಗೆ ಹಾಕಿದವು. ನಮ್ಮದು ಬೇರೆ. ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ವಿಸರ್ಗದವರೆಗೆ ಹದಿನೈದು ಕಾಗುಣಿತ. ಗುಣಿಸಿದರೆ ಐನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷ್ ಪುಸ್ತಕವನ್ನು ನೋಡಿ ಐದೇ ನಿಮಿಷ ಸಾಕೆಂದು ಕನ್ನಡಕ್ಕೂ ಅನ್ವಯಿಸಿದರೆ ಕನ್ನಡ ಹಿಂದೆ ಬೀಳುತ್ತದೆ. ಐನೂರನ್ನೂ ಸಾಲಾಗಿ ಬರೆಸಹೊರಟರೆ ಮಗು ಹಿಂದೆ ಬೀಳುತ್ತದೆ. ಇದಕ್ಕೆ ಪರಿಹಾರ ಲಿಪಿಯಲ್ಲಿಯೇ ಉಂಟು. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಓತ್ವ ಇವುಗಳ ಮರ್ಮ ನಾಲ್ಕಾರು ಅಕ್ಷರಗಳಲ್ಲಿ ಕೈಗೆ ಹತ್ತಿದರೆ ಉಳಿದವು ಬಹುಮಟ್ಟಿಗೆ ತಾವಾಗಿ ಬರುತ್ತವೆ. ಬಾರದವು ಕೆಲವೇ: ಮೊ, ಯೊ ಮುಂತಾದವು ದಾರಿ ತಪ್ಪಿ ನಡೆಯುತ್ತವೆ. ಒತ್ತುಗಳಲ್ಲಿ ಬಹುಪಾಲು ತಲೆಕಟ್ಟು ಕಳಚಿದ ಅದೇ ಅಕ್ಷರಗಳು. ತ, ನ, ಮ, ಯ, ರ, ಲ ಮಾತ್ರ ಕೆಳಗಿಳಿದಾಗ ವೇಷವನ್ನೇ ಬದಲಿಸುತ್ತವೆ. ನಮ್ಮ ಮಗಳು ಹೆದರಿದ “ಟ್ಟೆ” ಕಷ್ಟದ ಒತ್ತೇ ಅಲ್ಲ. ಯಾರೂ ಅದನ್ನು ಬಿಡಿಸಿ ತೋರಿಸಿರಲಿಲ್ಲ, ಅಷ್ಟೆ. ಅಭ್ಯಾಸದ ಹೊತ್ತೆಲ್ಲ ಇಂಥ ಮುಳ್ಳುಗಳ ಮೇಲೆ ವೆಚ್ಚವಾಗಬೇಕೇ ಹೊರತು ಬಲ್ಲ ಅಕ್ಷರಗಳಿಂದ ಪುಟ ತುಂಬಿಸುವುದರಲ್ಲಿ ಅಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿ ಕ್ರಮವೂ (1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದದ್ದು ಅದು) ಅ, ಆ, ಇ, ಈ ಎಂಬ ವರ್ಣಮಾಲೆಯ ಸಾಲನ್ನು ಬಿಟ್ಟು, ರ, ಗ, ಸ, ದ, ಅ ಎಂದು ಆರಂಭಿಸುತ್ತದೆ. ಬರೆಯಲು ಸುಲಭವಾದವು, ಕಲಿತೊಡನೆ ಪದವಾಗಿ ಕೂಡುವಂಥವು. ನಗರದ ವಿದ್ಯಾವಂತ ಪಾಲಕರು ಹಳ್ಳಿಯ ಶಾಲೆಯ ಕಡೆ ನೋಡುವುದು ಕಡಿಮೆ, ನೋಡಿದರೆ ಲಾಭವುಂಟು.

ಆ ಚೀಟಿಯ ಸಂಗತಿ ತಿಳಿದು ನಮ್ಮ ತಾಯಿಯವರು ಯುಗಾದಿಗೆಂದು ಬಂದವರು ಹದಿನೈದು ದಿನ ನಿಂತರು. “ಅಲ್ಲ ಕಣೋ, ಊರಿನ ಹುಡುಗರಿಗೆಲ್ಲ ಪಾಠ ಹೇಳುತ್ತೀಯ, ಮಗಳಿಗೆ ಒತ್ತಕ್ಷರ ಹೇಳಲಿಲ್ಲವೆ?” ಎಂದರು. ಉತ್ತರವಿರಲಿಲ್ಲ. ಮರುದಿನ ಒಂದು ಹಲಗೆಯೂ ಬಳಪವೂ ಮನೆಗೆ ಬಂದವು. ಅವರ ಕ್ರಮ ಹಳೆಯದು. ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರಲ್ಲ, ಆ ಪರಂಪರೆಯದೇ. ಅಜ್ಜಿ ಒಂದು ಅಕ್ಷರವನ್ನು ದೊಡ್ಡದಾಗಿ ಬರೆಯುವರು. ಮೊಮ್ಮಗಳು ಬಾಯಲ್ಲಿ ಹೇಳುತ್ತ ಅದರ ಮೇಲೆಯೇ ತಿದ್ದುವಳು. ಆಮೇಲೆ ಒರಸಿ, ನೋಡದೆ ಬರೆಯುವಳು. ಹಲಗೆಯೊಂದು ತುಂಬಿದರೆ ಆ ದಿನದ ಪಾಠ ಮುಗಿಯಿತು. ಮೇಲಿನಿಂದ ಎಳೆದು ಅಭ್ಯಾಸ ಮಾಡುವುದಕ್ಕೂ, ತಪ್ಪನ್ನು ಸರಿಪಡಿಸುವುದಕ್ಕೂ ಕನ್ನಡದಲ್ಲಿ “ತಿದ್ದು” ಎಂಬುದು ಒಂದೇ ಮಾತು. ಕಾಪಿ ಪುಸ್ತಕ ಈ ಎರಡನ್ನೂ ಅಗಲಿಸಿತು: ಮಗು ಮಧ್ಯಾಹ್ನ ಬರೆಯುತ್ತದೆ, ತಂದೆ ರಾತ್ರಿ ಕೆಂಪು ಮಸಿಯಲ್ಲಿ ತಿದ್ದುತ್ತಾನೆ. ಹಲಗೆಯಲ್ಲಾದರೆ ತಪ್ಪು ಹುಟ್ಟಿದ ಕ್ಷಣದಲ್ಲಿಯೇ ಅಳಿಯುತ್ತದೆ, ಗುರುತೂ ಉಳಿಯುವುದಿಲ್ಲ.

ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ತಮ್ಮ ಕೆಟ್ಟ ಅಕ್ಷರಕ್ಕಾಗಿ ಪಶ್ಚಾತ್ತಾಪಪಟ್ಟು, ಮಕ್ಕಳಿಗೆ ಮೊದಲು ಚಿತ್ರ ಬರೆಯುವುದನ್ನು ಕಲಿಸಿ ಆಮೇಲೆ ಅಕ್ಷರ ಬರೆಸಬೇಕೆಂದದ್ದನ್ನು ಓದುಗರು ಬಲ್ಲರು. ಬಾಗಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ಮಗುವಿಗೆ ಕನ್ನಡದ ದುಂಡು ಅಷ್ಟರಮಟ್ಟಿಗೆ ಕೈವಶವಾಗಿರುತ್ತದೆ ಎಂಬುದು ನಮ್ಮ ಅನುಭವ.

ಕೀಲಿಮಣೆಯೂ ದೂರವಾಣಿಯ ಗಾಜೂ ಇರುವಾಗ ಕೈಯೇಕೆ ಎಂದು ಕೇಳುವವರುಂಟು. ಫ್ರಾನ್ಸಿನ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಐದು ವರ್ಷದೊಳಗಿನ ಮಕ್ಕಳ ಪೈಕಿ ಸ್ವಲ್ಪ ದೊಡ್ಡವರು ಕೀಲಿಯೊತ್ತಿ ಕಲಿತ ಅಕ್ಷರಗಳಿಗಿಂತ ಕೈಯಿಂದ ಬರೆದು ಕಲಿತವನ್ನು ಚೆನ್ನಾಗಿ ಗುರುತಿಸಿದರು. ಆ ವಾದವನ್ನು ಇಷ್ಟಕ್ಕೆ ಬಿಡೋಣ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ಹೇಳುತ್ತೇವೆ. ಎಲ್ಲರಿಗೂ ಇದೇ ಸಲ್ಲಬೇಕೆಂದಲ್ಲ. ಅಕ್ಷರಕ್ಕೆ ಗಡಿಯಾರ ನೋಡಿ ದಿನಕ್ಕೆ ಹತ್ತು ನಿಮಿಷ. ಹತ್ತಾಗದಿದ್ದರೂ, ಕೊನೆಯ ಸಾಲು ಮೊದಲನೆಯದಕ್ಕಿಂತ ಕೆಡತೊಡಗಿದೊಡನೆ ನಿಲ್ಲಿಸಿಬಿಡುತ್ತೇವೆ. ಅದಕ್ಕಿಂತ ನಂಬತಕ್ಕ ಅಳತೆ ನಮಗೆ ದೊರೆತಿಲ್ಲ. ವಾರಕ್ಕೆರಡು ಸಲ ಉಕ್ತಲೇಖನ, ನಾಲ್ಕೈದು ವಾಕ್ಯ. ಅದರಲ್ಲಿ ತಪ್ಪಿದ ಪದಗಳೇ ಮುಂದಿನ ದಿನಗಳ ಹಲಗೆಯ ಪಾಠ. ರಚನೆಯ ದಾರಿಯೇ ಬೇರೆ. ಅದನ್ನು ಬಾಯಿಂದ ಆರಂಭಿಸಿದೆವು. ಅವಳು ಹೇಳುವುದು, ನಾವು ಬರೆದುಕೊಳ್ಳುವುದು; ಮರುದಿನ ಅವಳದೇ ವಾಕ್ಯಗಳಲ್ಲಿ ಮೆಚ್ಚಿದ ಒಂದನ್ನು ಅವಳು ನೋಡಿ ಬರೆಯುವುದು. ಕೆಲವು ತಿಂಗಳಲ್ಲಿ ಒಂದು ಎರಡಾಯಿತು, ಎರಡು ನಾಲ್ಕಾಯಿತು. ಇದಲ್ಲದೆ ಕೆಲಸಕ್ಕೆ ಬೇಕಾದ ಬರವಣಿಗೆ ಉಂಟಷ್ಟೆ: ಅಡುಗೆಮನೆಯ ಡಬ್ಬಿಗಳ ಮೇಲಿನ ಚೀಟಿ, ಜಯನಗರದ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಗೆ ಹೋಗುವಾಗಿನ ತರಕಾರಿಯ ಪಟ್ಟಿ. ಮೆಂತ್ಯದ ಡಬ್ಬಿಯ ಮೇಲೆ ಯ ಒತ್ತನ್ನು ಸರಿಯಾಗಿ ಹಾಕಿದ ದಿನ ಅವಳಿಗಾದ ಸಂತೋಷ ಯಾವ ಕಾಪಿ ಪುಸ್ತಕದಿಂದಲೂ ಆಗಿರಲಿಲ್ಲ. ಎಲ್ಲ ಕೂಡಿ ಎಂಟರ ವಯಸ್ಸಿನಲ್ಲಿ ದಿನಕ್ಕೆ ಅರ್ಧ ಗಂಟೆಯಾಗುತ್ತಿತ್ತೇನೋ. ಹತ್ತು ಹನ್ನೊಂದಕ್ಕೆ ಮುಕ್ಕಾಲು ಗಂಟೆಗೆ ಏರಿಸುವ ಆಲೋಚನೆಯಿದೆ.

ಒಂದು ಮಾತು ಬಾಕಿ. ದಕ್ಷಿಣ ಬೆಂಗಳೂರಿನ ಅನೇಕ ಮನೆಗಳಲ್ಲಿ ಮಗುವಿನ ಮುಂದಿರುವುದು ಒಂದು ಲಿಪಿಯಲ್ಲ, ಮೂರು. ಮನೆಮಾತು ತಮಿಳೋ ತೆಲುಗೋ ಹಿಂದಿಯೋ ಆಗಿರಬಹುದು. ಇಂಗ್ಲಿಷ್ ಇದ್ದೇ ಇದೆ. ಇಷ್ಟರಲ್ಲಿ ಕೈಬಿಡುವ ಲಿಪಿ ಯಾವುದೆಂದು ಹೇಳಬೇಕಾಗಿಲ್ಲ. ಶಾಲೆಗಳಿಗಾದರೆ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಒತ್ತಾಯವಿದೆ, ಮನೆಯಲ್ಲಿ ಕೇಳುವವರಾರು? ಮೂರನ್ನೂ ಒಟ್ಟಿಗೆ ಹೇರುವುದು ತಪ್ಪು. ಒಂದು ಲಿಪಿ ಕೈಯಲ್ಲಿ ನಿಂತಮೇಲೆ ಇನ್ನೊಂದು. ಆದರೆ ಬೀದಿಯ ಹಲಗೆಗಳಲ್ಲಿ, ಬಸ್ಸಿನ ಹಣೆಯ ಮೇಲೆ ದಿನವೂ ಕಾಣುವ ಲಿಪಿಯನ್ನು ಮಗು ಓದಬಲ್ಲುದು, ಬರೆಯಲಾರದು ಎಂದಾಗಬಾರದು. ಬರೆಯದ ಲಿಪಿಯಲ್ಲಿ ಮಗು ಎಂದಿಗೂ ಅತಿಥಿಯೇ. ಎರಡನೆಯದೆಂದು ಇಟ್ಟರೂ ಸರಿ, ಕನ್ನಡಕ್ಕೆ ದಿನದ ಹತ್ತು ನಿಮಿಷ ತಪ್ಪಬಾರದು.

ಅಜ್ಜಿಗೆ ಎರಡನೆಯ ಕಾಗದ ಆ ವರ್ಷ ಶ್ರಾವಣದಲ್ಲಿ ಹೋಯಿತು. ಒಂಬತ್ತು ಸಾಲು, ಚಿಟ್ಟೆ ಚಿಟ್ಟೆಯಾಗಿಯೇ ಇತ್ತು, ಎರಡು ಕಡೆ ಒತ್ತು ತಪ್ಪಿದ್ದನ್ನು ನಾವು ಮುಟ್ಟಲಿಲ್ಲ. ಹಾಸನದಿಂದ ಬಂದ ಉತ್ತರದಲ್ಲಿ ಆ ಎರಡು ಪದಗಳನ್ನು ಅವರು ತಮ್ಮ ವಾಕ್ಯಗಳಲ್ಲಿ ಸರಿಯಾಗಿ, ಸ್ವಲ್ಪ ದಪ್ಪಗೆ ಬರೆದಿದ್ದರು. ಕೆಳಗೆ, ಚಿಟ್ಟೆಯ ಬಣ್ಣ ಯಾವುದು ಎಂದು ಕೇಳಿದ್ದರು.